ಮೋತ್ಯಾಗ ಒಂದು ಚಿಟಿಕಿ ಭಂಗಿ

ಭಂಗಿ ದೇವರಿಗೆ ಹೆಂಡಗುಡುಕ ಪೂಜಾರಿ ಎಂಬ ಗಾದೆ ಎಲ್ಲರಿಗೂ ಗೊತ್ತು. ಭಂಗಿ ನಾಯಿಗೆ ಎಂಥ ಯಜಮಾನ ಎಂಬುದಕ್ಕೆ ಗಾದೆ ಇನ್ನೂ ಹುಟ್ಟಿಲ್ಲ. ಹೋದ ಚಳಿಗಾಲದಲ್ಲಿ ರೋಣದ ನಮ್ಮ ಓಣಿಯಲ್ಲಿ ಅದು ನನ್ನ ಹೆಸರಿನ ಮೇಲೆಯೇ ಹುಟ್ಟುವುದರಲ್ಲಿತ್ತು. ಸ್ವಲ್ಪದರಲ್ಲಿ ತಪ್ಪಿತು. ಹೇಗೆ ತಪ್ಪಿತು ಎಂಬುದನ್ನೇ ಹೇಳಲು ಕೂತಿದ್ದೇನೆ. ನಡುವೆ ದಾರಿ ಬಿಟ್ಟು ಅಡ್ಡ ಹೋದರೆ, ಮೂವತ್ತು ವರ್ಷ ಇತಿಹಾಸ ಕಲಿಸಿ ನಿವೃತ್ತನಾದ ಮಾಸ್ತರನ ಹಳೆಯ ಚಟ ಎಂದು ಹೊಟ್ಟೆಗೆ ಹಾಕಿಕೊಳ್ಳಬೇಕು.

ನಾಯಿಯ ಹೆಸರು ಮೋತಿ. ಕರೆಯುವಾಗ ಮೋತ್ಯಾ. ವಯಸ್ಸು ಹದಿಮೂರು. ತಾಯಿ ಮುಧೋಳದ ಜಾತಿಯದು. ತಂದೆ ಯಾರೆಂದು ತಾಯಿ ಯಾರಿಗೂ ಹೇಳಲಿಲ್ಲ. ಉದ್ದ ಮೂತಿ, ಸಪೂರ ಕಾಲು ತಾಯಿಯ ಕಡೆಯಿಂದ ಬಂದವು. ಡೊಂಕು ಬಾಲ, ಮತ್ತು ಯಾರ ಮನೆಯಲ್ಲಿ ಒಲೆ ಹೊತ್ತಿತೆಂದು ಎಲ್ಲರಿಗಿಂತ ಮೊದಲು ತಿಳಿಯುವ ಬುದ್ಧಿ, ಇವೆರಡೂ ಆ ಅಜ್ಞಾತ ತಂದೆಯ ಆಸ್ತಿ.

ಮುಧೋಳ ಎಂದ ಮೇಲೆ ಎರಡು ಮಾತು ಆಡದೆ ಮುಂದೆ ಹೋಗುವುದು ಹೇಗೆ? ಆ ತಳಿಯನ್ನು ಸಾಕಿ ಹೆಸರಿಗೆ ತಂದವರು ಮುಧೋಳದ ಘೋರ್ಪಡೆ ಅರಸರು. ನಮ್ಮ ಗಜೇಂದ್ರಗಡವೂ ಘೋರ್ಪಡೆಯವರ ಕೈಯಲ್ಲೇ ಇದ್ದದ್ದು. ಘೋರ್ಪಡ ಎಂದರೆ ಮರಾಠಿಯಲ್ಲಿ ಉಡ. ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆಯ ಗೋಡೆ ಏರಿದ ಮನೆತನಕ್ಕೆ ಆ ಹೆಸರು ಬಂತೆಂಬುದು ಕಥೆ. ಉಡದಿಂದ ಹೆಸರು ಪಡೆದವರು ನಾಯಿಯಿಂದ ಕೀರ್ತಿ ಪಡೆದರು. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಚಿತ್ರದ ಅಂಚೆಚೀಟಿ ತಂದಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದವರು ಶ್ವಾನ ಸಂಶೋಧನಾ ಕೇಂದ್ರವನ್ನೇ ನಡೆಸುತ್ತಾರೆ. 2016ರಲ್ಲಿ ಸೈನ್ಯದವರು ಮುಧೋಳದ ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಶುರುಮಾಡಿದರು. ಮೋತ್ಯಾನ ದಾಯಾದಿಗಳು ದೇಶದ ಗಡಿ ಕಾಯಲು ಕಲಿಯುತ್ತಿದ್ದಾಗ ಮೋತ್ಯಾ ನಮ್ಮ ಅಡುಗೆಮನೆಯ ಹೊಸ್ತಿಲು ಕಾಯುತ್ತಿತ್ತು. ದೀಪಾವಳಿಯ ಮೂರು ದಿನ ಮಾತ್ರ ರಜೆ ಹಾಕಿ ಮಂಚದ ಕೆಳಗೆ ಇರುತ್ತಿತ್ತು.

ಆದರೂ ಹರೆಯದಲ್ಲಿ ಅದರ ಓಟ ನೋಡಬೇಕಿತ್ತು. ಹಿಂಗಾರಿ ಜೋಳ ಕೊಯ್ದ ಎರಿ ಹೊಲದಲ್ಲಿ ಮೊಲ ಎದ್ದರೆ ಸಾಕು, ಎರಡೂ ಕರಿ ಮಣ್ಣಿನ ಮೇಲೆ ಗೆರೆ ಎಳೆದ ಹಾಗೆ ಹೋಗುತ್ತಿದ್ದವು. ಮೊಲ ಒಂದು ಸಲವೂ ಸಿಗಲಿಲ್ಲ. ಅದು ಮೊಲದ ಪುಣ್ಯ, ಅರಣ್ಯ ಇಲಾಖೆಯ ಕಡೆ ನೋಡಿದರೆ ನನ್ನದೂ ಪುಣ್ಯ. ಗಜೇಂದ್ರಗಡದ ಕಾಲಕಾಲೇಶ್ವರನ ಮೆಟ್ಟಿಲು ಹತ್ತುವಾಗ ನಾವು ಅರ್ಧಕ್ಕೆ ಕೂತು ಏದುಸಿರು ಬಿಡುತ್ತಿದ್ದರೆ, ಇದು ಮೇಲೆ ಹೋಗಿ, ಕೆಳಗೆ ಬಂದು, ನಮ್ಮನ್ನು ಎಣಿಸಿ, ಮತ್ತೆ ಮೇಲೆ ಹೋಗುತ್ತಿತ್ತು.

ಅಂಥದರ ಹಿಂಗಾಲು ಎರಡು ವರ್ಷದ ಹಿಂದೆ ಹಿಡಿದುಕೊಂಡವು. ಮೊದಲು ಮೆಟ್ಟಿಲು ಬಿಟ್ಟಿತು, ಆಮೇಲೆ ಮಂಚ ಬಿಟ್ಟಿತು. ಹೋದ ಚಳಿಗಾಲಕ್ಕೆ ಬರುವಷ್ಟರಲ್ಲಿ ಏಳುವುದೇ ಒಂದು ಕೆಲಸವಾಯಿತು. ಮುಂಗಾಲು ಊರಿ ಎದೆ ಎತ್ತುತ್ತಿತ್ತು, ಹಿಂದಿನದು ಬರುತ್ತಿರಲಿಲ್ಲ. ಒಂದು ಗಳಿಗೆ ಹಾಗೇ ಕೂತು, ಯಾರೂ ನೋಡಲಿಲ್ಲವಲ್ಲ ಎಂದು ಆಚೀಚೆ ನೋಡಿ, ಮತ್ತೆ ಊರುತ್ತಿತ್ತು. ಆಗ ಹಿಂಗಾಲಿನ ಉಗುರು ನೆಲದ ಮೇಲೆ ಕರಕರ ಎಂದು ಜಾರುವ ಸಪ್ಪಳ ಕೇಳುತ್ತಿತ್ತು. ಮೂರನೆಯದೋ ನಾಲ್ಕನೆಯದೋ ಸಲಕ್ಕೆ ಎದ್ದು, ಗೋಡೆಗೆ ಮೈ ಹಚ್ಚಿ ನಡೆಯುತ್ತಿತ್ತು. ರಾತ್ರಿ ಎರಡರ ಸುಮಾರಿಗೆ ಕುಂಯ್‌ಗುಡಲು ಶುರುಮಾಡಿದರೆ ಬೆಳಗಿನ ಹಾಲಿನವನು ಬರುವ ತನಕ ನಡೆಯುತ್ತಿತ್ತು. ನನಗೂ ನಿದ್ದೆ ಇಲ್ಲ, ಮನೆಯವಳಿಗೂ ಇಲ್ಲ, ಗೋಡೆ ಒಂದೇ ಆಗಿದ್ದರಿಂದ ಪಕ್ಕದ ಮನೆಯವರಿಗೂ ಇಲ್ಲ.

ಇಂಥ ಹೊತ್ತಿನಲ್ಲಿ ಇತಿಹಾಸದ ಮಾಸ್ತರನಿಗೆ ನೆನಪಾಗುವುದು ಶಾಸನ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿರುವ ಹತ್ತನೆಯ ಶತಮಾನದ ಕಲ್ಲು ಅದು. ತಕ್ಕೋಲದ ಕಾಳಗದಲ್ಲಿ ಶೌರ್ಯ ತೋರಿದ ಮಣಲೇರ ಎಂಬ ವೀರನಿಗೆ ಒಡೆಯ ಮೆಚ್ಚಿ ಏನು ಬೇಕೋ ಬೇಡು ಎಂದಾಗ, ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಹೊಡೆದಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಅದೇ ಕಲ್ಲಿನ ಮೇಲೆ ಇನ್ನೊಂದು ವಿಷಯವೂ ಇದೆ. ಅದೇ ಕಾಳಗಕ್ಕಾಗಿ ಗಂಗ ಬೂತುಗನಿಗೆ ರಾಷ್ಟ್ರಕೂಟ ಕೃಷ್ಣ ಕೊಟ್ಟ ಸೀಮೆಗಳ ಪಟ್ಟಿ ಅದು. ಬೆಳ್ವೊಲ ಮುನ್ನೂರು, ಕಿಸುಕಾಡು ಎಪ್ಪತ್ತು ಅದರಲ್ಲಿವೆ. ನಮ್ಮ ನರೇಗಲ್ಲು ಆ ಬೆಳ್ವೊಲದ್ದು, ನಮ್ಮ ಸೂಡಿ ಆ ಕಿಸುಕಾಡಿನದು. ಎಲ್ಲಿಯ ಆತಕೂರು, ಎಲ್ಲಿಯ ರೋಣ. ಒಂದು ನಾಯಿಯ ಕಲ್ಲಿನಲ್ಲಿ ನಮ್ಮೂರ ಸೀಮೆಯೂ ಸೇರಿಕೊಂಡಿದೆ. ಮೋತ್ಯಾನ ಪಕ್ಕ ಕೂತು ರಾತ್ರಿ ಎರಡಕ್ಕೆ ನನಗೆ ಅನಿಸುತ್ತಿದ್ದದ್ದು ಇಷ್ಟೇ: ಹಂದಿಯೊಡನೆ ಹೊಡೆದಾಡಿ ಸತ್ತ ನಾಯಿಗೆ ಕಲ್ಲು ಉಂಟು. ಸೊಂಟ ಹಿಡಿದು, ಉಚ್ಚೆಗೆ ಹೊರಗೆ ಹೋಗಲಾರದೆ ನಾಚಿಕೊಳ್ಳುವ ನಾಯಿಯ ಬಗ್ಗೆ ಯಾವ ಶಾಸನವೂ ಇಲ್ಲ.

ಶಾಸನ ಇಲ್ಲದಿದ್ದರೇನು, ಕಟ್ಟೆ ಇದೆ. ನಮ್ಮ ಓಣಿಯ ಬೇವಿನಮರದ ಕಟ್ಟೆಯ ಮೇಲೆ ಪರಿಹಾರ ಸಿಗದ ರೋಗ ಇಲ್ಲ.

“ಏನ್ರೀ ಸರ, ರಾತ್ರೆಲ್ಲಾ ನಿಮ್ಮ ಮೋತ್ಯಾ ಅಳಾಕತ್ತಿತ್ತಲ್ಲ?” ಎಂದು ಎದುರು ಮನೆಯ ಕಾಕಾ ಶುರುಮಾಡಿದರು. “ಕುಸುಬಿ ಎಣ್ಣಿ ಬೆಚ್ಚಗ ಮಾಡಿ ತಿಕ್ಕರಿ.” ತಿಕ್ಕಿದೆ. ಮೋತ್ಯಾ ಅದನ್ನು ಕೊನೆಯ ಹನಿಯವರೆಗೆ ನೆಕ್ಕಿ, ಮರುದಿನ ಹೊಟ್ಟೆ ಕೆಡಿಸಿಕೊಂಡಿತು. ಹಿಟ್ಟಿನ ಗಿರಣಿಯವನು ಎಕ್ಕಿ ಎಲಿ ಕಾಸಿ ಕಟ್ಟಲು ಹೇಳಿದ. ಕಟ್ಟಿದೆ. ಮೋತ್ಯಾ ಅದನ್ನು ಬಿಚ್ಚಿ, ಮುಟ್ಟಬಾರದ್ದು ಎಂಬಂತೆ ದೂರ ಸರಿದು ಕೂತಿತು. ಮೂರನೆಯವರು ಮನುಷ್ಯರ ನೋವಿನ ಗುಳಿಗೆಯಲ್ಲಿ ಅರ್ಧ ಮುರಿದು ಹಾಕಲು ಹೇಳಿದರು. ಅದೊಂದನ್ನು ದೇವರ ದಯದಿಂದ ಮಾಡಲಿಲ್ಲ. ಯಾಕೆ ದೇವರ ದಯ ಎಂಬುದು ಮುಂದೆ ಬರುತ್ತದೆ.

ನಾಲ್ಕನೆಯವರು ಅಜ್ಜಾರು. ಎಪ್ಪತ್ತೈದು ದಾಟಿದ ಜೀವ, ಚಿಲುಮಿಯ ಸಹವಾಸ, ತತ್ವಪದದ ಗಂಟಲು. ಎಲ್ಲರದೂ ಮುಗಿಯಲಿ ಎಂದು ಕಾದು ಹೇಳಿದರು: “ಮಾಸ್ತರ, ಒಂದು ಚಿಟಿಕಿ ಭಂಗಿ ಬೆಲ್ಲದಾಗ ಕಲಸಿ ಹಾಕ್ರಿ. ಬೆಳತನಾ ಮಲಗತೈತಿ. ನನ್ನ ಮೊಣಕಾಲಿಗೆ ಇಪ್ಪತ್ತು ವರ್ಷ ಆತು, ಅದ ಔಷಧ.”

“ಮೊಣಕಾಲು ಕಡಿಮಿ ಆಗೇದೇನ್ರಿ ಅಜ್ಜಾರ?”

“ಮೊಣಕಾಲು ಎಲ್ಲಿ ಕಡಿಮಿ ಆಗತೈತೋ ತಮ್ಮಾ. ಅದರ ಚಿಂತಿ ಕಡಿಮಿ ಆಗೇತಿ.”

ಕಟ್ಟೆ ನಕ್ಕಿತು. ಆದರೆ ಮರುದಿನ ಸಂಜೆ ಅಜ್ಜಾರು ಹಳೆಯ ಪೇಪರಿನಲ್ಲಿ ಕಟ್ಟಿದ ಒಂದು ಪೊಟ್ಟಣ ತಂದು ನಮ್ಮ ಪಡಸಾಲೆಯ ಮಾಡದಲ್ಲಿ ಇಟ್ಟೇ ಹೋದರು.

ನಮ್ಮ ಸೀಮೆಗೆ ಆ ಪೊಟ್ಟಣ ಹೊಸದಲ್ಲ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಸೊಪ್ಪು ಪ್ರಸಾದದಂತೆ ಕೈಗೆ ಬರುತ್ತದೆಂದು 2020ರಲ್ಲಿ ಪತ್ರಿಕೆಗಳೆಲ್ಲ ಬರೆದವು. ಬೆಂಗಳೂರಿನವರು ಹೌಹಾರಿದರು, ಇಲ್ಲಿಯ ಹಿರಿಯರು ಅದರಲ್ಲಿ ಸುದ್ದಿ ಎಲ್ಲಿದೆ ಎಂದು ಹುಡುಕಿದರು. ಅದಕ್ಕೂ ಹಿಂದೆ, 1893ರಲ್ಲಿ, ರೋಣ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದ ಕಾಲಕ್ಕೆ, ಈ ಗಿಡದ ಮೇಲೆ ಇಂಗ್ಲಿಷರು ಒಂದು ದೊಡ್ಡ ಆಯೋಗವನ್ನೇ ಕೂರಿಸಿದರು. ದೇಶವೆಲ್ಲ ಸುತ್ತಿ 1193 ಸಾಕ್ಷಿಗಳ ಹೇಳಿಕೆ ಪಡೆದು, 1894ರಲ್ಲಿ ಸಂಪುಟಗಟ್ಟಲೆ ವರದಿ ಕೊಟ್ಟರು. ಹಿತಮಿತವಾಗಿ ಬಳಸಿದರೆ ಹೇಳಿಕೊಳ್ಳುವಂಥ ಕೇಡಿಲ್ಲ, ಪೂರ್ತಿ ನಿಷೇಧ ಬೇಡ ಎಂಬುದು ಅದರ ಸಾರ. ದನಕರುಗಳಿಗೆ ರೈತರು ಇದನ್ನು ಔಷಧವಾಗಿ, ಎತ್ತುಗಳಿಗೆ ಕಸುವಿಗಾಗಿ ಕೊಡುವ ರೂಢಿಯನ್ನೂ ಬರೆದುಕೊಂಡರು. ಅಜ್ಜಾರ ಸಲಹೆಗೆ ಹೀಗೆ ಸರ್ಕಾರಿ ದಾಖಲೆಯ ಬೆಂಬಲ ಉಂಟು. ಆದರೆ ದಾಖಲೆಯಲ್ಲಿ ಎತ್ತು ಇದೆ. ನನ್ನ ಮನೆಯಲ್ಲಿರುವುದು ನಾಯಿ. ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಆ ರಾತ್ರಿ ತಿಳಿಯಿತು.

ಅದಕ್ಕೆ ಮೊದಲು ಕಾಯ್ದೆಯ ಮಾತು. ಮಾಡದಲ್ಲಿ ಪೊಟ್ಟಣ ಇಟ್ಟುಕೊಂಡ ಮಾಸ್ತರನಿಗೆ ಮೊದಲು ನೆನಪಾಗಿದ್ದು ಔಷಧಶಾಸ್ತ್ರವಲ್ಲ, ಪೊಲೀಸ್ ಠಾಣೆ. 1985ರ ಮಾದಕವಸ್ತು ಕಾಯ್ದೆಯಲ್ಲಿ ಗಾಂಜಾ ಎಂದರೆ ಗಿಡದ ಹೂವು ಬಿಟ್ಟ, ಕಾಯಿ ಹಿಡಿದ ತುದಿ. ತುದಿ ಜೊತೆಯಲ್ಲಿ ಇಲ್ಲದ ಬರೀ ಎಲೆ, ಬರೀ ಬೀಜ ಆ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಈ ಸಂದಿಯಲ್ಲೇ ಭಂಗಿ ಜೀವ ಹಿಡಿದುಕೊಂಡಿದೆ. 2022ರಲ್ಲಿ ನಮ್ಮ ಹೈಕೋರ್ಟು ಭಂಗಿ ಸಿಕ್ಕವನೊಬ್ಬನಿಗೆ ಜಾಮೀನು ಕೊಡುವಾಗ ಹೇಳಿದ್ದೂ ಇದನ್ನೇ. ಹಾಗೆಂದು ಎಲೆ ಹಿಡಿದು ಮೆರೆಯುವ ಹಾಗಿಲ್ಲ, ಅಬಕಾರಿ ಕಾಯ್ದೆ ಬೇರೆಯೇ ಇದೆ. ಅದಿರಲಿ, ಪೊಟ್ಟಣದಲ್ಲಿದ್ದದ್ದು ಒಣಗಿಸಿ ತಿಕ್ಕಿದ ಪುಡಿ. ಪುಡಿಯಾದ ಮೇಲೆ ಅದರಲ್ಲಿ ಎಲೆ ಎಷ್ಟು, ಹೂವು ಎಷ್ಟು ಎಂದು ಯಾರು ಪಂಚಾಯ್ತಿ ಮಾಡಬೇಕು? ಅಜ್ಜಾರನ್ನು ಕೇಳಿದರೆ, “ಎಲ್ಲಾ ಶಿವಂದ” ಎಂದರು. ಫೌಜದಾರರ ಮುಂದೆ ಈ ಉತ್ತರ ನಡೆಯುವುದಿಲ್ಲ.

ಈ ನಡುವೆ ಅಣ್ಣನ ಮಗನ ಫೋನು ಬಂತು. ಅವನಿರುವುದು ಕ್ಯಾಲಿಫೋರ್ನಿಯಾ. ಮೋತ್ಯಾ ಮರಿಯಾಗಿದ್ದಾಗ ಬೆಣ್ಣೆಹಳ್ಳದ ದಂಡೆಯಲ್ಲಿ ಅದರ ಜೊತೆ ಉರುಳಾಡಿದವನು. “ಕಾಕಾ, ಇಲ್ಲಿ ಇದು ಮಾಮೂಲು. ನಾಯಿಗಂತನ ಎಣ್ಣಿ ಸಿಗತೈತಿ” ಎಂದ. ಅಲ್ಲಿ 2018ರಲ್ಲಿ ಆದ ಕಾನೂನು ತಿದ್ದುಪಡಿಯಿಂದ, ಗಾಂಜಾ ಔಷಧದ ಬಗ್ಗೆ ನಾಯಿಯ ಯಜಮಾನರೊಡನೆ ಮಾತಾಡಿದ್ದಕ್ಕೇ ಪಶುವೈದ್ಯರ ಮೇಲೆ ಕ್ರಮ ಕೈಗೊಳ್ಳುವಂತಿಲ್ಲವಂತೆ. ಮಾತಾಡಲಿಕ್ಕೂ ಒಂದು ಕಾನೂನು ಬೇಕಾದ ದೇಶ ಅದು. ನಮ್ಮ ಕಟ್ಟೆಯ ಮೇಲೆ ಕೂತವರಿಗೆ ಇದು ತಿಳಿದರೆ ನಗುತ್ತಾರೆ.

ಅವನು ಬಿಡಿಸಿ ಹೇಳಿದ್ದು ಇದು. ಆ ಗಿಡದಲ್ಲಿ ನೂರಕ್ಕೂ ಹೆಚ್ಚು ಸರಕುಗಳಿವೆ, ನಮಗೆ ಬೇಕಾದವು ಎರಡು. ಒಂದು ಟಿಎಚ್‌ಸಿ: ಅಮಲು ಬರಿಸುವುದು, ಅಜ್ಜಾರ ಗಂಟಲಿಗೆ ತತ್ವಪದ ತರುವುದು. ಇನ್ನೊಂದು ಸಿಬಿಡಿ: ಅಮಲು ಇಲ್ಲ, ಊತ ಮತ್ತು ನೋವಿನ ಮೇಲೆ ಕೆಲಸ ಮಾಡೀತೆಂಬ ಆಸೆ ಹುಟ್ಟಿಸಿದ್ದು. ನಾಯಿಗೆಂದು ಮಾರುವ ಎಣ್ಣೆಯಲ್ಲಿ ಇರಬೇಕಾದದ್ದು ಎರಡನೆಯದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ಕೀಲುಬೇನೆಯ ನಾಯಿಗಳಿಗೆ ತೂಕದ ಪ್ರತಿ ಕಿಲೋಗೆ 2 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ, ನಾಲ್ಕು ವಾರ ಸಿಬಿಡಿ ಎಣ್ಣೆ ಕೊಟ್ಟರು. ನೋವು ಕಡಿಮೆಯಾಗಿ ಓಡಾಟ ಸುಧಾರಿಸಿತು. ಜೊತೆಗೆ ರಕ್ತದಲ್ಲಿ ಲಿವರಿಗೆ ಸಂಬಂಧಿಸಿದ ಒಂದು ಅಂಶವೂ ಏರಿತು. ಪರೀಕ್ಷೆ ಪೂರ್ತಿ ಮಾಡಿದ ನಾಯಿಗಳು ಹದಿನಾರು.

ಹದಿನಾರು! ನಮ್ಮ ರೋಣದ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಒಂದು ಬಸ್ಸಿಗೆ ಅದಕ್ಕಿಂತ ಹೆಚ್ಚು ನಾಯಿಗಳು ಎದ್ದು ಮೈ ಮುರಿಯುತ್ತವೆ. ಆದರೂ ಹದಿನಾರು ಎಂದರೆ ಹದಿನಾರು. ಕಟ್ಟೆಯ ಮೇಲಿನ ಒಂದು ಮೊಣಕಾಲಿಗಿಂತ ವಾಸಿ. ಅದರ ಮರುವರ್ಷ ಕೊಲರಾಡೋದವರು ಮೂರ್ಛೆರೋಗದ ನಾಯಿಗಳಿಗೂ ಕೊಟ್ಟು ನೋಡಿದರು; ಮೂರ್ಛೆಗಳು ಸುಮಾರು ಮೂರರಲ್ಲಿ ಒಂದು ಪಾಲು ಇಳಿದವು, ಅದೂ ಸಣ್ಣ ಪರೀಕ್ಷೆಯೇ. ಗುಣ ಇಲ್ಲವೆಂದು ತಳ್ಳಿಹಾಕುವ ಹಾಗಿಲ್ಲ, ಇದೆಯೆಂದು ಡಂಗುರ ಸಾರುವ ಹಾಗೂ ಇಲ್ಲ. ನಾನು ಲೆಕ್ಕ ಹಾಕಿದೆ. ಮೋತ್ಯಾನ ತೂಕ 31 ಕಿಲೋ. ಹೊತ್ತಿಗೆ 62, ದಿನಕ್ಕೆ 124 ಮಿಲಿಗ್ರಾಂ. ಸಾವಿರ ಮಿಲಿಗ್ರಾಂನ ಒಂದು ಸೀಸೆ ಎಂಟು ದಿನಕ್ಕೆ ಖಾಲಿ. ಆ ದರದಲ್ಲಿ ನನ್ನ ಪಿಂಚಣಿಯನ್ನು ಮೋತ್ಯಾನ ಹೆಸರಿಗೇ ಬರೆದುಕೊಡಬೇಕಾಗುತ್ತಿತ್ತು.

ಮಾಡದಲ್ಲಿದ್ದದ್ದೋ ಪುಕ್ಕಟೆ.

ಮೂರನೆಯ ರಾತ್ರಿ ಎರಡು ಗಂಟೆಗೆ ಮೋತ್ಯಾ ಶುರುಮಾಡಿತು. ನಾನು ಎದ್ದು ದೀಪ ಹಚ್ಚಿ ಪೊಟ್ಟಣ ಇಳಿಸಿದೆ. ಬೆಲ್ಲದ ಚೂರು ತಂದೆ. ಪೊಟ್ಟಣ ಬಿಚ್ಚಿದರೆ ಒಣ ಹುಲ್ಲಿನ, ಮಳೆಗಾಲದ ಬಣವೆಯ ವಾಸನೆ. ಬೆಲ್ಲ ಕಂಡದ್ದೇ ಮೋತ್ಯಾ ಅಳು ನಿಲ್ಲಿಸಿ ಬಾಲ ನೆಲಕ್ಕೆ ಬಡಿಯಿತು. ನನ್ನ ಕೈಯಿಂದ ಹದಿಮೂರು ವರ್ಷದಲ್ಲಿ ಕೆಟ್ಟದ್ದು ಏನೂ ಅದಕ್ಕೆ ಬಂದಿರಲಿಲ್ಲ. ಹಾಗಾಗಿ ಮೂಸಿಯೂ ನೋಡದೆ ಬಾಯಿ ತೆರೆಯಿತು.

ಅಲ್ಲಿ ಕೈ ನಿಂತಿತು. ಹಿಂದಿನ ದಿನ ಓದಿದ ಇನ್ನೊಂದು ನಾಯಿ ನೆನಪಿಗೆ ಬಂತು. 1839ರ ಸುಮಾರಿಗೆ ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಒ’ಶಾಘ್ನೆಸ್ಸಿ ಎಂಬ ಐರಿಷ್ ವೈದ್ಯನಿದ್ದ. ಮುಂದೆ ಈ ದೇಶಕ್ಕೆ ತಂತಿ ಹಾಕಿದವನೂ ಅವನೇ. ಪಶ್ಚಿಮದ ವೈದ್ಯಕ್ಕೆ ನಮ್ಮ ಗಾಂಜಾವನ್ನು ಪರಿಚಯಿಸಿದ ಈ ಮಹಾಶಯ ಮನುಷ್ಯರಿಗೆ ಕೊಡುವ ಮೊದಲು ಪರೀಕ್ಷೆ ಮಾಡಿದ್ದು ಒಂದು ನಡುಗಾತ್ರದ ನಾಯಿಯ ಮೇಲೆ. ನೇಪಾಳದ ಚರಸ್ಸು ಹತ್ತು ಗ್ರೇನು, ಅಂದರೆ ಒಂದು ಗ್ರಾಂನ ಮೂರನೇ ಎರಡು ಪಾಲು, ಮದ್ಯಸಾರದಲ್ಲಿ ಕರಗಿಸಿ ಕೊಟ್ಟ. ಅರ್ಧ ಗಂಟೆಯಲ್ಲಿ ನಾಯಿ ಮಂಕಾಗಿ ತೂಕಡಿಸಿತು. ನಡುನಡುವೆ ಬೆಚ್ಚಿ ಎದ್ದು ಪರಮ ಸಂತೋಷದಲ್ಲಿ ಬಾಲ ಆಡಿಸಿತು. ಹಾಕಿದ್ದನ್ನೆಲ್ಲ ಗಬಗಬ ತಿಂದಿತು. ಕರೆದರೆ ಅತ್ತಿತ್ತ ತೂರಾಡುತ್ತ, ಕುಡುಕನ ಮುಖ ಹೊತ್ತು ಬಂದಿತು. ಆರು ಗಂಟೆಯಲ್ಲಿ ಮೊದಲಿನಂತಾಯಿತು. ಆಮೇಲೆ ಅವನು ಬೇರೆ ಬೇರೆ ಪ್ರಾಣಿಗಳಿಗೆ ಕೊಟ್ಟು ನೋಡಿ ಬರೆದ: ಮಾಂಸ ತಿನ್ನುವ ನಾಯಿ, ಬೆಕ್ಕು, ರಣಹದ್ದು, ಕಾಗೆಗಳಿಗೆ ಬೇಗನೆ ಏರುತ್ತದೆ, ಹುಲ್ಲು ತಿನ್ನುವ ಕುದುರೆ, ಆಡು, ಕುರಿ, ಆಕಳಿಗೆ ಎಷ್ಟು ಕೊಟ್ಟರೂ ಅಷ್ಟಕ್ಕಷ್ಟೆ.

ಆಯೋಗದ ಎತ್ತಿಗೂ ನನ್ನ ನಾಯಿಗೂ ಇದ್ದ ವ್ಯತ್ಯಾಸ ಇದು. ಈಗಿನವರು ಇನ್ನೊಂದು ಕಾರಣವನ್ನೂ ಹೇಳುತ್ತಾರೆ. ಟಿಎಚ್‌ಸಿ ಹೋಗಿ ಕೂರುವ ಜಾಗಗಳು ನಾಯಿಯ ಕಿರುಮಿದುಳಿನಲ್ಲಿ, ಅಂದರೆ ಮೈಯ ತೋಲ ಹಿಡಿಯುವ ಭಾಗದಲ್ಲಿ, ಮನುಷ್ಯನಿಗಿಂತ ಬಹಳ ಹೆಚ್ಚು. ಅದಕ್ಕೇ ಗಾಂಜಾ ತಿಂದ ನಾಯಿ ನಿಂತಲ್ಲೇ ಓಲಾಡುತ್ತದೆ, ಸಣ್ಣ ಸಪ್ಪಳಕ್ಕೆ ಬೆಚ್ಚುತ್ತದೆ, ತಿಳಿಯದೆ ಉಚ್ಚೆ ಹೊಯ್ದುಕೊಳ್ಳುತ್ತದೆ. ಮೈ ತಣ್ಣಗಾಗಿ, ನಾಡಿ ನಿಧಾನವಾಗುವುದೂ ಉಂಟು.

ಅಜ್ಜಾರು ಚಿಲುಮಿ ಸೇದಿ ಓಲಾಡಿದರೆ ತಾವು ಏಕೆ ಓಲಾಡುತ್ತಿದ್ದೇವೆಂದು ಅವರಿಗೆ ಗೊತ್ತು. ಸಾಕೆನಿಸಿದಾಗ ಇಳಿಸಿ ಇಡುತ್ತಾರೆ. ಮೋತ್ಯಾ ಭಂಗಿ ಇಲ್ಲದೆಯೇ ಓಲಾಡುತ್ತಿತ್ತು. ಅದರ ಜೊತೆಗೆ ನಿಂತ ನೆಲವೂ ತಿರುಗಲು ಹತ್ತಿದರೆ, ಕತ್ತಲಲ್ಲಿ, ಅದು ಯಾರನ್ನು ಕೇಳಬೇಕು? ಪೊಟ್ಟಣ ಕಟ್ಟಿದೆ. ಬೆಲ್ಲವನ್ನು ಮಾತ್ರ ಕೊಟ್ಟೆ. ತೋರಿಸಿದ ಮೇಲೆ ಕೊಡದಿರುವುದು ಹೇಗೆ?

ಬೆಳಗಾದ ಮೇಲೆ ಆಟೋ ಮಾಡಿಕೊಂಡು ದನದ ದವಾಖಾನಿಗೆ ಹೋದೆ. ನಮ್ಮ ಕಡೆ ಹೆಸರೇ ದನದ ದವಾಖಾನಿ. ನಾಯಿ ಅಲ್ಲಿ ಅತಿಥಿ. ಎಮ್ಮೆ, ಎರಡು ಆಡು, ಒಂದು ಹೋರಿಯ ಹಿಂದೆ ಪಾಳಿ ಹಚ್ಚಿ ಕೂತೆವು. ಡಾಕ್ಟರು ಚಿಕ್ಕ ವಯಸ್ಸಿನವರು. ಮೋತ್ಯಾನ ಹಿಂಗಾಲನ್ನು ನಿಧಾನ ಮಡಚಿ, ಬಿಡಿಸಿ, ಅದರ ಮುಖ ನೋಡುತ್ತಿದ್ದರು, ಕಾಲನ್ನು ನೋಡುತ್ತಿರಲಿಲ್ಲ. ನಾನು ನಾಚಿಕೆ ಬಿಟ್ಟು ಪೊಟ್ಟಣದ ಕಥೆಯನ್ನೂ ಹೇಳಿದೆ. ಅವರು ಬೈಯಲಿಲ್ಲ.

“ಹಾಕಿದ್ರ ಮಲಗತಿತ್ತರೀ ಸರ, ಸುಳ್ಳಲ್ಲ. ಆದರ ಕುಂಯ್‌ಗುಡೋದು ನಿಂತರ ನೋವು ನಿಂತಂಗಲ್ಲ. ನಿದ್ದಿ ಯಾರಿಗೆ ಬೇಕಾಗಿತ್ತು, ಅದಕ್ಕೋ, ನಿಮಗೋ?”

ಮೂವತ್ತು ವರ್ಷ ಹುಡುಗರಿಗೆ ಪ್ರಶ್ನೆ ಕೇಳಿದವನಿಗೆ ಇದಕ್ಕೆ ಉತ್ತರ ಹೊಳೆಯಲಿಲ್ಲ. ಹೊಳೆದಿತ್ತು, ಹೇಳಲಿಲ್ಲ.

ಆ ಎಣ್ಣೆಯ ಬಗ್ಗೆಯೂ ಕೇಳಿದೆ. ಅದನ್ನು ಅವರು ತಳ್ಳಿಹಾಕಲಿಲ್ಲ. ಅಮೆರಿಕದ ಔಷಧ ಇಲಾಖೆ ಕೂಡ ಪ್ರಾಣಿಗಳಿಗೆಂದು ಸಿಬಿಡಿಯ ಒಂದು ಔಷಧವನ್ನೂ ಇನ್ನೂ ಒಪ್ಪಿಲ್ಲ. ಸೀಸೆಯ ಮೇಲೆ ಬರೆದದ್ದೇ ಒಳಗಿದೆ ಎಂಬ ಖಾತರಿ ಬೇಕು. ಮುದಿ ನಾಯಿಯ ಲಿವರು ನೋಡಿಕೊಳ್ಳಬೇಕು. ಇವೆಲ್ಲ ಸರಿಯಾದ ದಿನ ತಾವೇ ಬರೆದುಕೊಡುವುದಾಗಿ ಹೇಳಿದರು. ನನಗೆ ಹೊಳೆದದ್ದು ಇಷ್ಟು: ಪೊಟ್ಟಣದಲ್ಲಿ ಎಲೆ ಎಷ್ಟು ಹೂವು ಎಷ್ಟು ಎಂಬ ಫೌಜದಾರರ ಪ್ರಶ್ನೆ, ಅದರಲ್ಲಿ ಯಾವ ಸರಕು ಎಷ್ಟು ಎಂಬ ಡಾಕ್ಟರ ಪ್ರಶ್ನೆ, ಎರಡೂ ಒಂದೇ.

ಅರ್ಧ ಗುಳಿಗೆಯ ವಿಷಯ ಎತ್ತಿದಾಗ ಮಾತ್ರ ಅವರ ಮುಖ ಬಿಗಿಯಿತು. ಮನುಷ್ಯರ ಪ್ಯಾರಾಸಿಟಮಾಲ್ ನಾಯಿಯ ಲಿವರಿಗೆ ವಿಷವಾಗಬಹುದು; ಐಬುಪ್ರೊಫೆನ್, ಡೈಕ್ಲೊಫೆನಾಕ್ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಹರಿಸಬಹುದು, ಕಿಡ್ನಿ ಕೆಡಿಸಬಹುದು. ಡೈಕ್ಲೊಫೆನಾಕ್ ಎಂದೊಡನೆ ನನಗೆ ಒ’ಶಾಘ್ನೆಸ್ಸಿಯ ರಣಹದ್ದು ನೆನಪಾಯಿತು. ಆಕಳಿನ ನೋವಿಗೆ ಕೊಟ್ಟ ಆ ಔಷಧ ಸತ್ತ ಆಕಳಿನ ಮೈಯಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಕಿಡ್ನಿ ಕೆಡಿಸಿ, ಇಡೀ ದೇಶದ ಆಕಾಶ ಖಾಲಿ ಮಾಡಿತು. 2006ರಲ್ಲಿ ಸರ್ಕಾರ ಅದನ್ನು ಪಶುಗಳಿಗೆ ಕೊಡುವುದನ್ನು ನಿಷೇಧಿಸಿತು. ಹದ್ದು ತಿನ್ನದೆ ಬಿಟ್ಟ ಹೆಣವನ್ನು ನಾಯಿಗಳು ತಿಂದು ಹೆಚ್ಚಿದವು. ಒಂದರ ಮದ್ದು ಇನ್ನೊಂದರ ವಿಷ ಎಂಬುದನ್ನು ಆ ದವಾಖಾನಿಯ ಪಾಳಿಯಲ್ಲಿ ನಿಂತ ಎಮ್ಮೆ, ಆಡು, ನಾಯಿ ಮೂರೂ ಸೇರಿ ನನಗೆ ಕಲಿಸಿದ ಹಾಗಾಯಿತು.

ಕೊನೆಗೆ ಡಾಕ್ಟರು ನಾನು ಎಣಿಸದೆ ಇದ್ದ ಒಂದು ಪ್ರಶ್ನೆ ಕೇಳಿದರು. “ಮನಿ ನೆಲಾ ಯಾವದ್ರಿ?”

“ಟೈಲ್ಸ್ ರೀ. ಮಗಳ ಲಗ್ನದಾಗ ಹಾಕಿಸೇವಿ. ಎರಡು ವರ್ಷ ಆತು.”

“ಕಾಲ್ಬ್ಯಾನಿ ಯಾವಾಗಿಂದ?”

“ಎರಡು ವರ್ಷ...” ಎಂದು ಬಾಯಿ ಮುಚ್ಚಿದೆ.

ಉಗುರು ಕರಕರ ಎಂದು ಜಾರುವ ಸಪ್ಪಳ ಪ್ರತಿ ರಾತ್ರಿ ನನ್ನ ಕಿವಿಗೆ ಬಿದ್ದಿತ್ತು. ಅದು ನೋವಿನ ಸಪ್ಪಳ ಎಂದುಕೊಂಡಿದ್ದೆ. ಅರ್ಧ ಪಾಲು ಅದು ನೆಲದ ಸಪ್ಪಳ. ಸೊಂಟದ ಕೀಲು ಮುದಿತನದಿಂದ ಸವೆದದ್ದು ನಿಜ. ಆದರೆ ಏಳುವಾಗಲೆಲ್ಲ ಜಾರಿ, ಜಾರುವಾಗಲೆಲ್ಲ ಅದೇ ಕೀಲನ್ನು ಎಳೆದುಕೊಂಡು, ಏಳುವುದಕ್ಕೇ ಹೆದರಿ, ಕೂತಲ್ಲೇ ಕೂತು ಅದು ದಪ್ಪವಾಗಿತ್ತು. ಇದ್ದ ಹಳೆಯ ಶಹಾಬಾದ ಫರಸಿಯೇ ಅದಕ್ಕೆ ಚೆನ್ನಾಗಿತ್ತು. ಫಳಫಳ ಹೊಳೆಯುವ ನೆಲ ಬೀಗರ ಕಣ್ಣಿಗೆ.

ಔಷಧದ ಚೀಟಿ ಹೀಗಿತ್ತು: ರಕ್ತಪರೀಕ್ಷೆ ಮಾಡಿಸಿ, ಲಿವರು ಕಿಡ್ನಿ ಸರಿಯಿದ್ದರೆ ನಾಯಿಯ ತೂಕಕ್ಕೆ ತಕ್ಕ ಮೆಲಾಕ್ಸಿಕ್ಯಾಮ್, ಹೊಟ್ಟೆ ತುಂಬಿದ ಮೇಲೆ. ಉಗುರು ಕತ್ತರಿಸುವುದು. ಓಡಾಡುವ ದಾರಿಗೆಲ್ಲ ಗೋಣಿತಟ್ಟು ಹಾಸುವುದು. ಚಹಾದ ಹೊತ್ತಿನ ಬಿಸ್ಕಿಟು, ಹಬ್ಬದ ಹೋಳಿಗೆ, ಕಟ್ಟೆಯ ಮೇಲಿನ ಮಿರ್ಚಿ ಬಂದ್. ದಿನಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪ ನಡಿಗೆ. ಇಡೀ ಚೀಟಿಯಲ್ಲಿ ಅಂಗಡಿಯಿಂದ ತರಬೇಕಾದದ್ದು ಒಂದೇ.

ಪೊಟ್ಟಣವನ್ನು ಅಜ್ಜಾರಿಗೆ ವಾಪಸು ಕೊಟ್ಟೆ. ಬೇಸರ ಮಾಡಿಕೊಂಡಾರು ಎಂಬ ಅಳುಕಿತ್ತು. ಅವರು ಕಿಸೆಗೆ ಹಾಕಿಕೊಂಡು, ಮೋತ್ಯಾನ ತಲೆ ಸವರಿ, ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು: “ಮಾಸ್ತರ, ಆ ಡಾಕ್ಟರು ಮನಷ್ಯಾರ ಮೊಣಕಾಲ ನೋಡತಾರೇನು?”

ನೋಡುವುದಿಲ್ಲ ಎಂದು ಹೇಳಿ, ಮನುಷ್ಯರ ದವಾಖಾನಿಗೆ ಅವರನ್ನು ಕರೆದುಕೊಂಡು ಹೋದದ್ದು ಇನ್ನೊಂದು ಹರಟೆ.

ಮುದಿ ನಾಯಿ ಸಾಕಿದವರಿಗೆ ನನ್ನ ಮಾತು ಮೂರು. ಮದ್ದು ಹುಡುಕುವ ಮೊದಲು ನಿಮ್ಮ ಮನೆಯ ನೆಲ ನೋಡಿ. ನಿಮ್ಮ ಡಬ್ಬಿಯ ಗುಳಿಗೆಯನ್ನಾಗಲಿ, ಯಾರದೋ ಪೊಟ್ಟಣದ ಸೊಪ್ಪನ್ನಾಗಲಿ ಡಾಕ್ಟರನ್ನು ಕೇಳದೆ ಅದರ ಬಾಯಿಗೆ ಇಡಬೇಡಿ. ಅಕಸ್ಮಾತ್ ಅದೇ ಎಲ್ಲಿಯೋ ಭಂಗಿ ತಿಂದು ತೂರಾಡುತ್ತ ಬಂದರೆ, ಮರ್ಯಾದೆಗೆ ಅಂಜಿ ಸುಳ್ಳು ಹೇಳದೆ, ತಿಂದದ್ದು ಏನು, ಎಷ್ಟು, ಯಾವಾಗ ಎಂದು ಡಾಕ್ಟರಿಗೆ ಇದ್ದದ್ದು ಇದ್ದಂತೆ ಹೇಳಿ. ಅವರಿಗೆ ಬೇಕಾದದ್ದು ನಾಯಿಯ ಜೀವ, ನಿಮ್ಮ ಜಾತಕವಲ್ಲ.

ಮೋತ್ಯಾ ಈಗ 26 ಕಿಲೋ ಇದೆ. ಪೂರ್ತಿ ವಾಸಿಯಾಗಿಲ್ಲ, ಆಗುವುದೂ ಇಲ್ಲ. ಮನೆಯವಳು ಹಳೆಯ ಸೀರೆಗಳಿಂದ ಹೊಲಿದ ಕೌದಿಯ ಮೇಲೆ ಮಲಗುತ್ತದೆ. ಬೆಳಗ್ಗೆ ಹಾಲಿನವನ ಸಪ್ಪಳಕ್ಕೆ ಎರಡನೆಯ ಸಲಕ್ಕೆ ಏಳುತ್ತದೆ. ಪಡಸಾಲೆಯಿಂದ ಅಂಗಳದವರೆಗೆ ನಮ್ಮ ಟೈಲ್ಸ್ ಮೇಲೆ ಹನ್ನೊಂದು ಗೋಣಿತಟ್ಟು ಹಾಸಿವೆ. ಬೀಗರು ಬಂದಾಗಲೂ ತೆಗೆಯುವುದಿಲ್ಲ.